ಟಿಕೊಚಿನ್‌ನ ಯಹೂದಿಗಳು: ಸಾಲ ಕೊಟ್ಟವರೋ, ಸಾಲ ಮಾಡಿದವರೋ?

ಓದುಗರ ಪ್ರಶ್ನೆ:

"ಸರ್, ಎರಡು ವರ್ಷದಿಂದ ಪೋಲೆಂಡಿನ ವಾರ್ಸಾದಲ್ಲಿ ಕೆಲಸದಲ್ಲಿದ್ದೇನೆ. ಹೋದ ತಿಂಗಳು ಬಿಯಾಲಿಸ್ಟಾಕ್ ಕಡೆ ಸುತ್ತಾಡಲು ಹೋದಾಗ ಟಿಕೊಚಿನ್ ಅನ್ನುವ ಊರು ನೋಡಿದೆ. ಒಂದು ಗಂಟೆ ನಡೆದರೆ ಮುಗಿಯುವಷ್ಟು ಸಣ್ಣ ಊರು. ಅದರಲ್ಲಿ ಕೋಟೆಯ ಹಾಗೆ ದಪ್ಪ ಗೋಡೆಯ ಒಂದು ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ! ಈಗ ಅದು ಮ್ಯೂಸಿಯಂ. ಊರಿನಲ್ಲಿ ಯಹೂದಿಗಳೇ ಇಲ್ಲ. ಜೊತೆಯಲ್ಲಿದ್ದ ಒಬ್ಬರು 'ಎಲ್ಲ ಬಡ್ಡಿ ವ್ಯಾಪಾರದವರು, ದುಡ್ಡಿತ್ತು, ಕಟ್ಟಿದರು' ಅಂದರು. ಇನ್ನೊಬ್ಬಳು ಫೋನಿನಲ್ಲಿ ಹಳೇ ಫೋಟೋ ತೋರಿಸಿ 'ಊಟಕ್ಕೂ ಗತಿ ಇರಲಿಲ್ಲ ಪಾಪ' ಅಂದಳು. ಯಾವುದು ನಿಜ? ನಮ್ಮಪ್ಪನದು ತಿಪಟೂರಿನಲ್ಲಿ ಕಿರಾಣಿ ಅಂಗಡಿ. ಹಾಗಾಗಿ ಈ ಜನ ಏನು ಮಾರಿ ಏನು ತಿನ್ನುತ್ತಿದ್ದರು ಅನ್ನುವುದೇ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಅಂಥ ಊರು ಸೊರಗಿದ್ದು ಯಾಕೆ? ಇಲ್ಲಿನ ಕನ್ನಡಿಗರು ತರುವ ಸಂಚಿಕೆಗೆ ಒಂದು ಲೇಖನ ಬರೆಯೋಣ ಅಂತಿದ್ದೇನೆ. ಏನೋ ತಪ್ಪು ಬರೆದು ಯಾರನ್ನೋ ನೋಯಿಸುವ ಭಯ. ಯಾವುದನ್ನು ನಂಬಲಿ, ಎಲ್ಲಿ ಹುಡುಕಲಿ?"

ಉತ್ತರ:

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಆ ಕಿರಾಣಿ ಅಂಗಡಿಯ ಮಾತು. ಅಂಗಡಿ ಮನೆಯಲ್ಲಿ ಬೆಳೆದವರಿಗೆ ಈ ವಿಷಯದ ಅರ್ಧ ಪಾಠ ಆಗಲೇ ಆಗಿರುತ್ತದೆ. ಉದ್ದರಿ ಪುಸ್ತಕ ಅಂದರೆ ಏನು, ಸಂತೆ ದಿನ ಮಳೆ ಬಂದರೆ ಮನೆಯಲ್ಲಿ ಎಲ್ಲರ ಮುಖ ಯಾಕೆ ಬಾಡುತ್ತದೆ, ಇದನ್ನೆಲ್ಲ ನಿಮಗೆ ವಿವರಿಸಬೇಕಿಲ್ಲ ಅಲ್ವಾ?

ನಿಮ್ಮ ಮುಂದೆ ಎರಡು ಚಿತ್ರ ಇಟ್ಟಿದ್ದಾರೆ. ಒಂದರಲ್ಲಿ ಯಹೂದಿ ಬಡ್ಡಿ ತಿಂದು ಕೊಬ್ಬಿದವನು. ಇನ್ನೊಂದರಲ್ಲಿ ಹರಕು ಕೋಟಿನ ಪಾಪದವನು. ಎರಡೂ ಸರಿಯಿಲ್ಲ ಅಂತ ನಿಮಗೆ ಅನ್ನಿಸಿದೆ, ಅನ್ನಿಸಿದ್ದು ಸರಿಯಾಗೇ ಇದೆ. ಮೊದಲನೆಯದು ಬರೀ ತಪ್ಪಲ್ಲ, ದಾಖಲೆ ತೆಗೆದು ನೋಡಿದರೆ ಹೆಚ್ಚುಕಡಿಮೆ ತಲೆಕೆಳಗು. ಎರಡನೆಯದು 1930ರ ದಶಕಕ್ಕೆ ಸ್ವಲ್ಪ ಮಟ್ಟಿಗೆ ನಿಜ, ಆ ಸಿನಗಾಗ್ ಕಟ್ಟಿದ 1642ಕ್ಕೆ ಅಲ್ಲ. ನಾನೂರು ವರ್ಷವನ್ನು ಒಂದೇ ಫೋಟೋದಲ್ಲಿ ಹಿಡಿಯಲು ಹೋದರೆ ಹೀಗೇ ಆಗುವುದು.

ಮೊದಲು ಹೆಸರು. ಇಂಥ ಊರುಗಳನ್ನು ಯಹೂದಿಗಳು ಶ್ಟೆಟ್ಲ್ ಅನ್ನುತ್ತಿದ್ದರು. ಅವರ ಮನೆಮಾತು ಯಿಡ್ಡಿಷ್‌ನಲ್ಲಿ ಶ್ಟೋಟ್ ಅಂದರೆ ಪಟ್ಟಣ, ಶ್ಟೆಟ್ಲ್ ಅಂದರೆ ಪುಟ್ಟ ಪಟ್ಟಣ. ಹಳ್ಳಿಗೆ ಬೇರೆಯೇ ಪದ ಇದೆ, ಡೊರ್ಫ್. ನಾನು ಪಾಠ ಮಾಡಲು ಶುರುಮಾಡಿದ ಹೊಸದರಲ್ಲಿ ಬೋರ್ಡಿನ ಮೇಲೆ 'ಯಹೂದಿ ಹಳ್ಳಿ' ಅಂತ ದೊಡ್ಡದಾಗಿ ಬರೆದಿದ್ದೆ. ಆ ವರ್ಷದ ಹುಡುಗರ ನೋಟ್ಸಿನಲ್ಲಿ ಅದು ಹಾಗೇ ಉಳಿದುಹೋಯಿತು, ಈಗಲೂ ನೆನೆದರೆ ಮುಜುಗರ. ಅದು ಹಳ್ಳಿಯಲ್ಲ, ಸಂತೆ ಊರು. ಸುತ್ತ ಹಳ್ಳಿಗಳು, ಅಲ್ಲಿ ಕ್ರೈಸ್ತ ರೈತರು. ನಡುವೆ ಒಂದು ಸಂತೆ ಮೈದಾನ, ಅದರ ಸುತ್ತ ಅಂಗಡಿ, ಕಸುಬಿನವರ ಮನೆ, ಹೆಂಡದಂಗಡಿ. ಊರಲ್ಲಿ ಯಹೂದಿಗಳೇ ಅರ್ಧ, ಕೆಲವು ಕಡೆ ಅರ್ಧಕ್ಕಿಂತ ಜಾಸ್ತಿ. ಆದರೆ ಬರೀ ಯಹೂದಿಗಳೇ ಇದ್ದ, ಹೊರಗಿನವರ ಗಾಳಿಯೇ ಸೋಕದ ಊರು ಅನ್ನುವುದು ಆಮೇಲೆ ಹುಟ್ಟಿದ ಕಲ್ಪನೆ. ಹೊರಗಿನವರು ಬರದಿದ್ದರೆ ಇವರಿಗೆ ಮಾರುವುದಕ್ಕೆ ಯಾರಿದ್ದರು?

ಟಿಕೊಚಿನ್‌ಗೆ ಯಿಡ್ಡಿಷ್‌ನಲ್ಲಿ ಟಿಕ್ಟಿನ್ ಅಂತ ಹೆಸರು. ಅಲ್ಲಿಗೆ ಯಹೂದಿಗಳು ಬಂದಿದ್ದು 1522ರಲ್ಲಿ, ಅದೂ ಕರೆಸಿಕೊಂಡು. ಆ ಸೀಮೆಯ ಒಡೆಯ ಓಲ್ಬ್ರಾಹ್ಟ್ ಗಷ್ಟೋಲ್ಡ್ ಅನ್ನುವ ಲಿಥುವೇನಿಯಾದ ದೊಡ್ಡ ಜಮೀನ್ದಾರ. ಗ್ರೋಡ್ನೊ ಪಟ್ಟಣದಿಂದ ಹತ್ತು ಕುಟುಂಬಗಳನ್ನು ಕರೆಸಿ ಮನೆ, ಅಂಗಡಿ, ಪ್ರಾರ್ಥನಾ ಮಂದಿರ, ಸ್ಮಶಾನ, ಎಲ್ಲಕ್ಕೂ ಜಾಗ ಕೊಟ್ಟ. ಧರ್ಮಕ್ಕೆ ಕೊಟ್ಟಿದ್ದಲ್ಲ, ಲೆಕ್ಕ ಹಾಕಿ ಕೊಟ್ಟಿದ್ದು. ಅವನ ಹತ್ತಿರ ಕಾಡಿತ್ತು, ಹೊಲ ಇತ್ತು, ಬಿಟ್ಟಿ ದುಡಿಯುವ ಜೀತದ ರೈತರಿದ್ದರು. ಪಕ್ಕದಲ್ಲೇ ನಾರೆವ್ ನದಿ, ಅದು ಹೋಗಿ ವಿಸ್ಟುಲಾ ಕಡೆಗೆ ಸೇರುತ್ತದೆ, ವಿಸ್ಟುಲಾ ಗ್ದಾನ್ಸ್ಕ್ ಬಂದರಿಗೆ. ದಿಮ್ಮಿ, ರೈ ಧಾನ್ಯ ಎರಡನ್ನೂ ತೆಪ್ಪದಲ್ಲಿ ತೇಲಿಸಿ ಸಮುದ್ರದವರೆಗೆ ಒಯ್ಯಬಹುದು. ಇಲ್ಲದೇ ಇದ್ದದ್ದು ಒಂದೇ: ಅದನ್ನೆಲ್ಲ ದುಡ್ಡು ಮಾಡುವ ಜನ. ಗಣ್ಯರು ವ್ಯಾಪಾರಕ್ಕೆ ಕೈಹಾಕಿದರೆ ಮರ್ಯಾದೆ ಹೋಯಿತು ಅನ್ನುವ ಕಾಲ. ರೈತ ಜಮೀನು ಬಿಟ್ಟು ಕದಲುವಂತಿಲ್ಲ. ನಡುವಿನ ಆ ಜಾಗಕ್ಕೆ ಯಹೂದಿಗಳು ಬಂದು ಕೂತರು.

ಇಲ್ಲಿ ನಿಮಗೆ ಒಂದು ಪದ ಪದೇ ಪದೇ ಸಿಗುತ್ತದೆ, ಅರೆಂಡಾ. ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತಾರೆ. ನಮಗೆ ಒಂದೇ ಮಾತು ಸಾಕು, ಇಜಾರೆ. ಒಡೆಯನಿಗೆ ಗಿರಣಿ ಇದೆ, ಸೇತುವೆ ಸುಂಕ ಇದೆ, ಮೀನಿನ ಕೆರೆ ಇದೆ, ಹೆಂಡ ಕಾಯಿಸಿ ಮಾರುವ ಹಕ್ಕಿದೆ. ಇದನ್ನೆಲ್ಲ ತಾನೇ ನೋಡಿಕೊಳ್ಳುವ ತಾಪತ್ರಯ ಯಾಕೆ ಅಂತ, ಇಷ್ಟು ವರ್ಷಕ್ಕೆ ಇಷ್ಟು ದುಡ್ಡು ಅಂತ ಹರಾಜು ಹಾಕಿಬಿಡುತ್ತಾನೆ. ಗುತ್ತಿಗೆ ಹಿಡಿದವನು ದುಡ್ಡು ಕಟ್ಟಲೇಬೇಕು. ಬೆಳೆ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ಕಟ್ಟದಿದ್ದರೆ ಹೆಂಡತಿ ಮಕ್ಕಳ ಸಮೇತ ಒಡೆಯನ ಸೆರೆಮನೆ.

ಹದಿನೇಳನೆಯ ಶತಮಾನದ ಯುದ್ಧಗಳು ಮುಗಿಯುವ ಹೊತ್ತಿಗೆ ಗ್ದಾನ್ಸ್ಕ್‌ನ ಧಾನ್ಯ ವ್ಯಾಪಾರ ಬಿದ್ದುಹೋಯಿತು. ಆಗ ಒಡೆಯರು ಒಂದು ಉಪಾಯ ಹೂಡಿದರು. ಮಾರಲಾಗದ ರೈಯನ್ನು ಬಟ್ಟಿ ಇಳಿಸಿ ವೋಡ್ಕಾ ಮಾಡುವುದು, ತಮ್ಮದೇ ಜೀತದ ರೈತರಿಗೆ ಕುಡಿಸುವುದು. ಕುಡಿಸುವ ಅಂಗಡಿ ಯಹೂದಿಯ ಗುತ್ತಿಗೆಗೆ. ಲಾಭದ ದೊಡ್ಡ ಪಾಲು ಒಡೆಯನಿಗೆ, ಕುಡಿದು ಹಾಳಾದ ರೈತನ ಶಾಪ ಗುತ್ತಿಗೆದಾರನಿಗೆ. ರೈತನ ಕಣ್ಣಿಗೆ ಕಾಣುತ್ತಿದ್ದವನು ಅವನೇ ತಾನೇ, ಒಡೆಯ ಎಲ್ಲೋ ಅರಮನೆಯಲ್ಲಿ. ಯಹೂದಿಗಳ ಮೇಲಿನ ಹಳೇ ದ್ವೇಷಕ್ಕೆ ಬೇರೆ ಕಾರಣಗಳೂ ಇವೆ, ಮುಖ್ಯವಾಗಿ ಧರ್ಮದ್ದು. ಆದರೆ ಈ ಹೆಂಡದಂಗಡಿಯನ್ನು ಬಿಟ್ಟು ಆ ಕಥೆ ಹೇಳಲು ಆಗುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಅಷ್ಟು ದೊಡ್ಡ ಸಿನಗಾಗ್‌ಗೆ ದುಡ್ಡು ಎಲ್ಲಿಂದ ಬಂತು?

ಒಂದು, 1642 ಒಳ್ಳೆಯ ಕಾಲ. ನದಿ ವ್ಯಾಪಾರ ಇನ್ನೂ ಜೋರಾಗಿತ್ತು. ಉಕ್ರೇನಿನಲ್ಲಿ ಖ್ಮೆಲ್ನಿತ್ಸ್ಕಿ ಅನ್ನುವ ದಂಡನಾಯಕನ ದಂಗೆ ಎದ್ದು ಸಾವಿರಾರು ಯಹೂದಿಗಳು ಸತ್ತಿದ್ದು, ಇಡೀ ಪೋಲೆಂಡ್ ಅಲ್ಲಾಡಿದ್ದು ಅದಾಗಿ ಆರು ವರ್ಷಕ್ಕೆ, 1648ರಲ್ಲಿ. ಎರಡು, ಟಿಕ್ಟಿನ್ ಆಗ ಸಣ್ಣ ಊರಲ್ಲ. ಯಹೂದಿಗಳ ಸ್ವಂತ ಪಂಚಾಯಿತಿಯಂಥ ಸಂಸ್ಥೆಗೆ ಕಹಲ್ ಅಂತ ಹೆಸರು. ತೆರಿಗೆ ಎತ್ತುವುದು, ವ್ಯಾಜ್ಯ ತೀರಿಸುವುದು, ಬಡವರಿಗೆ ಅಕ್ಕಿಬೇಳೆ ಅನ್ನುವಂಥ ಸಹಾಯ, ಯಾರು ಯಾವ ಗುತ್ತಿಗೆ ಹಿಡಿಯಬಹುದು ಅನ್ನುವುದು, ಎಲ್ಲ ಅದರ ಕೈಯಲ್ಲಿ. ಒಬ್ಬ ಹಿಡಿದ ಇಜಾರೆಯನ್ನು ಇನ್ನೊಬ್ಬ ಯಹೂದಿ ಹೆಚ್ಚು ಕೂಗಿ ಕಿತ್ತುಕೊಳ್ಳಬಾರದು ಅಂತ ಕಟ್ಟಳೆಯೇ ಇತ್ತು. ಟಿಕ್ಟಿನ್ ಕಹಲ್‌ನ ಕೈಕೆಳಗೆ ಸುತ್ತಲಿನ ಎಷ್ಟೋ ಊರುಗಳಿದ್ದವು. ಇವತ್ತಿನ ದೊಡ್ಡ ಪಟ್ಟಣ ಬಿಯಾಲಿಸ್ಟಾಕ್ ಇದೆಯಲ್ಲ, ಅಲ್ಲಿನ ಯಹೂದಿಗಳೂ ಒಂದು ಕಾಲಕ್ಕೆ ಈ ಕಹಲ್‌ಗೇ ತೆರಿಗೆ ಕಟ್ಟಬೇಕಿತ್ತು. ನೀವು ನೋಡಿದ್ದು ಒಂದೂರಿನ ಗುಡಿಯಲ್ಲ, ಒಂದು ಸೀಮೆಯ ಗುಡಿ.

ಮೂರನೆಯದು ನಿಮ್ಮ ಜೊತೆಗಾರರಿಗೆ ಹೇಳಬೇಕಾದ್ದು. ಹದಿನೇಳು, ಹದಿನೆಂಟನೆಯ ಶತಮಾನದ ಪೋಲೆಂಡಿನಲ್ಲಿ ಕಹಲ್‌ಗಳು ಸಾಲ ಕೊಟ್ಟವರಲ್ಲ, ಸಾಲ ಮಾಡಿದವರು. ಕೊಟ್ಟವರು ಯಾರು ಅಂದರೆ ಜಮೀನ್ದಾರರು, ಮತ್ತೆ ಕ್ರೈಸ್ತ ಮಠಗಳು! ಜೆಸ್ಯೂಟರು, ಡೊಮಿನಿಕನ್ನರು ಅನ್ನುವ ಸನ್ಯಾಸಿ ಪಂಗಡದವರು ಸಾಲ ಕೊಟ್ಟ ದಾಖಲೆಗಳಿವೆ. ಮಠದ ಹತ್ತಿರ ಭಕ್ತರು ಕೊಟ್ಟ ದುಡ್ಡು ಬಿದ್ದಿರುತ್ತದೆ. ಅದನ್ನು ಒಬ್ಬ ವ್ಯಾಪಾರಿಗೆ ಕೊಟ್ಟರೆ ಅವನು ನಾಳೆ ಓಡಿಹೋಗಬಹುದು. ಇಡೀ ಸಮುದಾಯದ ಹೊಣೆ ಇರುವ ಕಹಲ್‌ಗೆ ಕೊಟ್ಟರೆ ಓಡಿಹೋಗುವವರು ಯಾರು? ಹೋಗಲಿ, ಬಡ್ಡಿ ತಿನ್ನುವುದು ಪಾಪ ಅಂತ ಚರ್ಚ್ ಹೇಳುತ್ತಿತ್ತಲ್ಲ, ಅದಕ್ಕೂ ದಾರಿ ಕಂಡುಕೊಂಡಿದ್ದರು. ಪತ್ರದಲ್ಲಿ ಸಾಲ ಅಂತ ಬರೆಯುವುದೇ ಇಲ್ಲ. ಮಠ ಇಷ್ಟು ದುಡ್ಡು ಕೊಟ್ಟು ವರ್ಷಕ್ಕೆ ಇಷ್ಟು ಆದಾಯ ಬರುವ ಹಕ್ಕನ್ನು ಕೊಂಡುಕೊಂಡಿದೆ ಅಂತ ಬರೆಯುವುದು. ಇದನ್ನು ಓದಿದ ದಿನ ನಾನು ಒಬ್ಬನೇ ಕೂತು ನಕ್ಕಿದ್ದೆ.

ಈ ಬಡ್ಡಿ ಕಟ್ಟುವುದಕ್ಕೆ ಕಹಲ್ ಏನು ಮಾಡುತ್ತಿತ್ತು? ತನ್ನ ಜನರ ಮಾಂಸದ ಮೇಲೆ ತೆರಿಗೆ ಹಾಕುತ್ತಿತ್ತು. ಧರ್ಮಕ್ಕೆ ಸರಿಹೋಗುವ ಹಾಗೆ ಕೊಯ್ದ ಕೋಷರ್ ಮಾಂಸವನ್ನೇ ತಿನ್ನಬೇಕು, ಬೇರೆ ಕಡೆ ಕೊಳ್ಳುವ ಹಾಗಿಲ್ಲ. ಹಾಗಾಗಿ ಆ ತೆರಿಗೆ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಕೊನೆಗೆ ಮಠದ ಬಡ್ಡಿ ಕಟ್ಟಿದ್ದು ಶನಿವಾರದ ಊಟಕ್ಕೆ ತುಂಡು ಮಾಂಸ ಕೊಂಡ ದರ್ಜಿ. 1764ರಲ್ಲಿ ಪೋಲೆಂಡಿನ ಸಂಸತ್ತು ಯಹೂದಿಗಳ ಮೇಲ್ಮಟ್ಟದ ಸಭೆಯನ್ನು ರದ್ದು ಮಾಡಿದಾಗ ಕಹಲ್‌ಗಳ ಸಾಲ ಎಷ್ಟು ಬೆಳೆದಿತ್ತು ಅಂದರೆ, ಅದನ್ನು ತೀರಿಸುವ ಬಗೆ ನೋಡಲೆಂದೇ ಆಯೋಗಗಳನ್ನು ಕೂರಿಸಬೇಕಾಯಿತು.

ಹಾಗಂತ ಸಾಲ ಕೊಡುವ ಯಹೂದಿಗಳೇ ಇರಲಿಲ್ಲ ಅಂತ ಬರೆಯಬೇಡಿ. ಇದ್ದರು. ಕೊಡೆ ಗಿರವಿ ಇಟ್ಟುಕೊಂಡು ನಾಲ್ಕು ಕಾಸು ಕೊಡುವವರು, ಬಿತ್ತನೆ ಹೊತ್ತಿಗೆ ದುಡ್ಡು ಕೊಟ್ಟು ಸುಗ್ಗಿಯಲ್ಲಿ ಅಗ್ಗಕ್ಕೆ ಧಾನ್ಯ ಎತ್ತಿಕೊಳ್ಳುವವರು, ಎಲ್ಲರೂ ಇದ್ದರು. ಆದರೆ ಊರಿನ ಬದುಕು ನಿಂತಿದ್ದು ಅದರ ಮೇಲಲ್ಲ. 1897ರ ಜನಗಣತಿಯಲ್ಲಿ ರಷ್ಯಾ ಸಾಮ್ರಾಜ್ಯದ ಯಹೂದಿಗಳ ಲೆಕ್ಕ ಸಿಗುತ್ತದೆ. ನೂರಕ್ಕೆ ಸುಮಾರು 38 ಮಂದಿ ವ್ಯಾಪಾರದಿಂದ ಬದುಕಿದರೆ, ಸುಮಾರು 35 ಮಂದಿ ಕೈಕಸುಬು, ತಯಾರಿಕೆಯಿಂದ. ದರ್ಜಿ, ಚಮ್ಮಾರ, ಬಡಗಿ, ಗಾಜು ಕೂರಿಸುವವನು, ಬ್ರೆಡ್ ಸುಡುವವನು, ಕುದುರೆಗಾಡಿ ಓಡಿಸುವ ಬಾಲಗೋಲೆ, ಮನೆಮನೆಗೆ ನೀರು ಹೊರುವವನು. ಟಿಕ್ಟಿನ್‌ಗೆ ಇನ್ನೊಂದು ಹೆಸರಿತ್ತು. ಪ್ರಾರ್ಥನೆಗೆ ಹೊದೆಯುವ ತಾಲಿತ್ ಶಾಲನ್ನು ಅಲ್ಲಿ ನೇಯುತ್ತಿದ್ದರು, ಅದು ದೂರದೂರಿಗೆ ಹೋಗುತ್ತಿತ್ತು.

ನಿಮಗೆ ಬೇಕಾಗಿದ್ದು ಏನು ಮಾರಿ ಏನು ತಿನ್ನುತ್ತಿದ್ದರು ಅನ್ನುವುದು. ಒಂದು ಸಂತೆ ದಿನವನ್ನು ನೋಡೋಣ. ಟಿಕೊಚಿನ್‌ದೇ ಅಂತಲ್ಲ, ಆ ಸೀಮೆಯ ಯಾವ ಊರಾದರೂ ಸರಿ. ಇನ್ನೂ ಬೆಳಕಾಗುವ ಮೊದಲೇ ಹಳ್ಳಿ ದಾರಿಯಲ್ಲಿ ಗಾಡಿಗಳ ಸಾಲು. ಚಳಿಗಾಲದಲ್ಲಿ ಗಾಡಿಗೆ ಚಕ್ರ ಇರುವುದಿಲ್ಲ, ಹಿಮದ ಮೇಲೆ ಜಾರುವ ಹಲಗೆ. ರೈತನ ಹತ್ತಿರ ಒಂದೆರಡು ಕೋಳಿ, ಹುಲ್ಲಿನಲ್ಲಿ ಸುತ್ತಿದ ಮೊಟ್ಟೆ, ಅಗಸೆ ನಾರು, ಒಣಗಿಸಿದ ಅಣಬೆ, ಬ್ರಷ್ ಮಾಡುವುದಕ್ಕೆ ಹಂದಿ ಕೂದಲು. (ಹೌದು, ಹಂದಿ ತಿನ್ನದ ಜನ ಹಂದಿ ಕೂದಲಿನ ವ್ಯಾಪಾರ ಧಾರಾಳವಾಗಿ ಮಾಡುತ್ತಿದ್ದರು.) ಯಹೂದಿ ವ್ಯಾಪಾರಿಗಳು ಊರ ಬಾಗಿಲಿಗೇ ಹೋಗಿ ಗಾಡಿ ನಿಲ್ಲಿಸಿ ಚೌಕಾಸಿ ಶುರುಮಾಡುತ್ತಾರೆ. ಅದನ್ನು ಮಾರಿ ಬಂದ ದುಡ್ಡಿನಲ್ಲಿ ರೈತ ಮೈದಾನದ ಸುತ್ತ ಒಂದು ಸುತ್ತು ಹೊಡೆಯುತ್ತಾನೆ. ಉಪ್ಪು, ಸೀಮೆಎಣ್ಣೆ, ಮೊಳೆ, ಗಾಡಿಗೆ ಕೀಲೆಣ್ಣೆ, ಹೆಂಡತಿಗೆ ತಲೆವಸ್ತ್ರ, ಪೀಪಾಯಿಯಿಂದ ಎತ್ತಿಕೊಟ್ಟ ಒಂದು ಉಪ್ಪು ಹೆರಿಂಗ್ ಮೀನು. ಕೊನೆಗೆ ಹೆಂಡದಂಗಡಿ. ಬೆಳಿಗ್ಗೆ ಯಹೂದಿಯ ಕೈಯಿಂದ ರೈತನಿಗೆ ಹೋದ ಅದೇ ನಾಣ್ಯ ಸಂಜೆಗೆ ಇನ್ನೊಬ್ಬ ಯಹೂದಿಯ ಗಲ್ಲಾಪೆಟ್ಟಿಗೆಗೆ ಬಂದು ಬಿದ್ದಿರುತ್ತದೆ. ನಡುವೆ ಉಳಿಯುವುದು ತೆಳ್ಳನೆಯ ಲಾಭ.

ಮೈದಾನದಲ್ಲಿ ಕೂತು ಮಾರುತ್ತಿದ್ದವರಲ್ಲಿ ಹೆಂಗಸರೇ ಜಾಸ್ತಿ. ಹಣ್ಣು, ಬಾಗೆಲ್ ಅನ್ನುವ ಬಳೆಯಂಥ ಬ್ರೆಡ್, ಸೂಜಿ ದಾರ. ಮೈ ಕೊರೆಯುವ ಚಳಿಯಲ್ಲಿ ಇಡೀ ದಿನ ಬಯಲಲ್ಲಿ ಕೂರಬೇಕಲ್ಲ, ಅದಕ್ಕೆ ಮಣ್ಣಿನ ಮಡಕೆಯಲ್ಲಿ ಕೆಂಡ ತುಂಬಿ ಲಂಗದ ಅಡಿ ಇಟ್ಟುಕೊಂಡು ಕೂರುತ್ತಿದ್ದರು. ಕೆಂಡ ಆರಿದರೆ ಊದಿ ಊದಿ ಮತ್ತೆ ಹೊತ್ತಿಸುವುದು. ಧರ್ಮಗ್ರಂಥ ಓದುತ್ತಾ ಕೂರುವ ಗಂಡ, ಅಂಗಡಿ ನಡೆಸಿ ಮನೆ ಸಾಕುವ ಹೆಂಡತಿ, ಅದು ಆ ಸಮಾಜದ ಆದರ್ಶ. ಎಲ್ಲರ ಮನೆಯಲ್ಲಿ ಹಾಗಿರಲಿಲ್ಲ, ಬಹಳ ಗಂಡಸರು ಬೆಳಗಿಂದ ರಾತ್ರಿವರೆಗೆ ದುಡಿದವರೇ. ಆದರೆ ರೈತರ ಜೊತೆ ಪೋಲಿಷ್‌ನಲ್ಲೋ ಬೆಲರೂಸಿಯನ್‌ನಲ್ಲೋ ಸಲೀಸಾಗಿ ಮಾತಾಡಿ ವ್ಯಾಪಾರ ಕುದುರಿಸುತ್ತಿದ್ದವರು ಎಷ್ಟೋ ಸಲ ಮನೆಯ ಹೆಂಗಸರೇ.

ವಾರದ ಉಳಿದ ದಿನ ಊರು ನಡೆಯುತ್ತಿದ್ದದ್ದು ಉದ್ದರಿಯ ಮೇಲೆ. ಅಂಗಡಿಯವನು ಬಿಯಾಲಿಸ್ಟಾಕ್‌ನ ಸಗಟು ವ್ಯಾಪಾರಿಗೆ ಸಾಲಗಾರ, ರೈತ ಅಂಗಡಿಯವನಿಗೆ ಸಾಲಗಾರ. ಸುಗ್ಗಿ ಕೆಟ್ಟರೆ ಸರಪಳಿಯೆಲ್ಲ ಕೆಟ್ಟಿತು. ಗುರುವಾರ ನೆರೆಮನೆಯಿಂದ ನಾಲ್ಕು ಕಾಸು ಕೈಸಾಲ ತಂದು ಶನಿವಾರದ ಹಬ್ಬದೂಟ ಮಾಡಿ, ಮುಂದಿನ ಸಂತೆಗೆ ತೀರಿಸುವುದು ಮಾಮೂಲು. ಬಡ್ಡಿ ಇಲ್ಲದೆ ಸಾಲ ಕೊಡುವುದು ಧರ್ಮದ ಕೆಲಸ ಅಂತ ಪ್ರತಿ ಊರಿನಲ್ಲೂ ಅದಕ್ಕೆಂದೇ ಸಂಘ. ಬಡ್ಡಿಕೋರರು ಅನ್ನಿಸಿಕೊಂಡ ಜನರ ಊರಿನಲ್ಲಿ ಬಡ್ಡಿಯಿಲ್ಲದ ಸಾಲಸಂಘ, ನಿಮ್ಮ ಲೇಖನಕ್ಕೆ ಇದನ್ನು ಮರೆಯದೆ ಹಾಕಿ.

ಇನ್ನು, ಈ ಊರು ಯಾಕೆ ಸೊರಗಿತು ಅನ್ನುವುದು. ಟಿಕೊಚಿನ್ ವಿಷಯದಲ್ಲಿ ಒಂದು ಗಡಿ, ಒಂದು ರೈಲು, ಇವೆರಡರ ಕಥೆ ಹೇಳಿದರೆ ಮುಕ್ಕಾಲು ಮುಗಿಯಿತು. 1795ರಲ್ಲಿ ಪೋಲೆಂಡ್ ಅನ್ನುವ ದೇಶವೇ ಇಲ್ಲದಾಯಿತು, ನೆರೆಯ ಮೂರು ರಾಜ್ಯಗಳು ಹಂಚಿಕೊಂಡವು. 1815ರ ನಂತರ ನಾರೆವ್ ನದಿಯೇ ಗಡಿ. ಈ ಕಡೆ ಟಿಕೊಚಿನ್, ಅದು ರಷ್ಯಾದ ದೊರೆ ತ್ಸಾರ್‌ನ ಕೈಯಲ್ಲಿದ್ದ ಪೋಲೆಂಡ್ ಸಂಸ್ಥಾನ. ಆ ಕಡೆ ಬಿಯಾಲಿಸ್ಟಾಕ್, ಅದು ನೇರ ರಷ್ಯಾ. 1830ರಲ್ಲಿ ಪೋಲರು ದಂಗೆ ಎದ್ದರು, ಸೋತರು. ಶಿಕ್ಷೆಯಾಗಿ ಪೋಲೆಂಡಿನಿಂದ ರಷ್ಯಾಕ್ಕೆ ಹೋಗುವ ಸರಕಿನ ಮೇಲೆ ತ್ಸಾರ್ ಸುಂಕ ಜಡಿದ. ಬಟ್ಟೆ ಗಿರಣಿಯವರು ಸುಮ್ನೆ ಕೂರುತ್ತಾರಾ? ಸುಂಕದ ಆಚೆ ದಡಕ್ಕೆ ಗಂಟುಮೂಟೆ ಕಟ್ಟಿದರು. ಬಿಯಾಲಿಸ್ಟಾಕ್ ಬಟ್ಟೆಯ ಊರಾಗಿ ಬೆಳೆದದ್ದು ಹೀಗೆ. ಆಮೇಲೆ ವಾರ್ಸಾದಿಂದ ರಷ್ಯಾದ ಆಗಿನ ರಾಜಧಾನಿ ಪೀಟರ್ಸ್‌ಬರ್ಗ್‌ಗೆ ರೈಲು ಹಾಕಿದರು, 1862ಕ್ಕೆ ಓಡಾಟ ಶುರು. ಅದೂ ಬಿಯಾಲಿಸ್ಟಾಕ್ ಮೇಲೆಯೇ ಹೋಯಿತು, ಟಿಕೊಚಿನ್‌ಗೆ ಬರಲಿಲ್ಲ. ನದಿಯನ್ನು ನಂಬಿಕೊಂಡಿದ್ದ ಊರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಏನು ಬೇಕು? ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮೂರು ಸಾವಿರ ದಾಟಿದ್ದ ಯಹೂದಿಗಳ ಸಂಖ್ಯೆ 1897ಕ್ಕೆ ಎರಡೂವರೆ ಸಾವಿರದ ಹತ್ತಿರ ಬಂತು, 1921ಕ್ಕೆ ಸಾವಿರದ ನಾನೂರರ ಆಸುಪಾಸು. ಒಂದು ಕಾಲಕ್ಕೆ ತನಗೆ ತೆರಿಗೆ ಕಟ್ಟುತ್ತಿದ್ದ ಊರಿಗೇ ಟಿಕ್ಟಿನ್‌ನ ಹುಡುಗರು ಮಗ್ಗದ ಕೆಲಸ ಹುಡುಕಿಕೊಂಡು ಹೋಗುವ ಹಾಗಾಯಿತು.

ಇಲ್ಲಿ ಒಂದು ತಪ್ಪು ಬಹಳ ಜನ ಮಾಡುತ್ತಾರೆ. ರಷ್ಯಾದ ಯಹೂದಿಗಳು ವಾಸಕ್ಕೆ ಗೊತ್ತುಮಾಡಿದ ಸೀಮೆಯೊಳಗೇ ಇರಬೇಕಿತ್ತು, 1882ರ ಮೇ ಕಾನೂನಿನ ಪ್ರಕಾರ ಹೊಸದಾಗಿ ಹಳ್ಳಿಗಳಲ್ಲಿ ನೆಲೆಸುವಂತಿರಲಿಲ್ಲ ಅಂತ ಎಲ್ಲ ಕಡೆ ಓದುತ್ತೀರಿ. ನಿಜ. ಆದರೆ ಆ ಕಾನೂನು ಪೋಲೆಂಡ್ ಸಂಸ್ಥಾನಕ್ಕೆ ಅನ್ವಯಿಸುತ್ತಿರಲಿಲ್ಲ. ಅಂದರೆ ಟಿಕೊಚಿನ್‌ಗೆ ಇಲ್ಲ, ನದಿ ದಾಟಿದರೆ ಉಂಟು. ನಿಮ್ಮ ಲೇಖನದಲ್ಲಿ ಇದನ್ನು ಟಿಕೊಚಿನ್‌ಗೆ ಅಂಟಿಸಬೇಡಿ. ಹೆಂಡದ ವಿಷಯ ಬೇರೆ. 1890ರ ದಶಕದಲ್ಲಿ ತ್ಸಾರ್ ಸರ್ಕಾರ ವೋಡ್ಕಾ ಮಾರಾಟವನ್ನು ತಾನೇ ಹಿಡಿಯಿತು, ಎರಡೂ ದಡದಲ್ಲಿ ಯಹೂದಿ ಹೆಂಡದಂಗಡಿಗಳ ಬಾಗಿಲು ಮುಚ್ಚಿತು. 1881ರಿಂದ 1914ರ ನಡುವೆ ಪೂರ್ವ ಯುರೋಪಿನಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಯಹೂದಿಗಳು ಹೊರಟುಹೋದರು, ಬಹುಪಾಲು ಅಮೆರಿಕಕ್ಕೆ. ಅಲ್ಲಿಂದ ಬರುವ ಡಾಲರ್ ಊರಿನ ಹೊಸ ಆದಾಯ.

ಎರಡು ಯುದ್ಧಗಳ ನಡುವಿನ ಪೋಲೆಂಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮ್ಮ ಗೆಳತಿ ತೋರಿಸಿದ ಫೋಟೋಗಳ ಕಾಲ ಅದು. 1919ರ ಕೊನೆಗೆ ಭಾನುವಾರ ಅಂಗಡಿ ಮುಚ್ಚಬೇಕು ಅಂತ ಕಾನೂನು ಬಂತು. ಶನಿವಾರ ಧರ್ಮ ಬಿಡದು, ಭಾನುವಾರ ಸರ್ಕಾರ ಬಿಡದು. ವಾರಕ್ಕೆ ಐದೇ ದಿನದ ವ್ಯಾಪಾರ, ಪಕ್ಕದ ಪೋಲಿಷ್ ಅಂಗಡಿಗೆ ಆರು ದಿನ. ಹಿತ್ತಲ ಬಾಗಿಲಿನಿಂದ ಕದ್ದು ಮಾರಿ ಪೊಲೀಸಿನವರಿಗೆ ದಂಡ ಕಟ್ಟುವುದು ನಿತ್ಯದ ಮಾತಾಯಿತು. ರೈತರ ಸಹಕಾರ ಸಂಘಗಳು ಮೊಟ್ಟೆ, ಹಾಲು, ಧಾನ್ಯವನ್ನು ತಾವೇ ಕೊಳ್ಳಲು ಶುರುಮಾಡಿದವು. ಅದರಲ್ಲಿ ತಪ್ಪೇನಿಲ್ಲ, ಆದರೆ ನಡುವಿನವನ ಜಾಗ ಹೋಯಿತು. ಅಮೆರಿಕ 1921ರಲ್ಲಿ, ಮತ್ತೆ 1924ರಲ್ಲಿ ವಲಸೆ ಬರುವವರಿಗೆ ಬಾಗಿಲು ಬಿಗಿಮಾಡಿತು. 1936ರಲ್ಲಿ ಪೋಲೆಂಡಿನ ಪ್ರಧಾನಿಯೇ ಸಂಸತ್ತಿನಲ್ಲಿ ನಿಂತು, ಹೊಡೆಯುವುದು ಬೇಡ, ಆದರೆ ಆರ್ಥಿಕ ಹೋರಾಟ ಸರಿಯೇ ಅನ್ನುವ ಅರ್ಥದ ಮಾತಾಡಿದರು. ಅಂಗಡಿ ಬಹಿಷ್ಕಾರಕ್ಕೆ ಅದೇ ಪರವಾನಗಿಯ ಹಾಗಾಯಿತು. ಆ ಕಾಲಕ್ಕೆ ಜಾಯಿಂಟ್ ಅನ್ನುವ ಅಮೆರಿಕದ ಯಹೂದಿ ಪರಿಹಾರ ಸಂಸ್ಥೆಯ ನೆರವಿನಿಂದ ಪೋಲೆಂಡಿನಲ್ಲಿ 800ಕ್ಕೂ ಹೆಚ್ಚು ಬಡ್ಡಿಯಿಲ್ಲದ ಸಾಲನಿಧಿಗಳು ನಡೆಯುತ್ತಿದ್ದವು. ಹೊಲಿಗೆ ಮೆಷಿನ್ ಬಿಡಿಸಿಕೊಳ್ಳಲು, ಸತ್ತ ಕುದುರೆಯ ಬದಲು ಇನ್ನೊಂದು ಕೊಳ್ಳಲು ಅಲ್ಲಿ ಸಾಲ.

ಆದರೆ ದಯವಿಟ್ಟು ಒಂದು ವಾಕ್ಯ ಬರೆಯಬೇಡಿ: 'ಹೀಗೆ ಟಿಕೊಚಿನ್‌ನ ಯಹೂದಿ ಬದುಕು ಕ್ರಮೇಣ ಮರೆಯಾಯಿತು.' ಮರೆಯಾಗಲಿಲ್ಲ. ಬಡವಾಗಿತ್ತು, ಸಣ್ಣದಾಗಿತ್ತು, ಬದುಕಿತ್ತು. 1939ರಲ್ಲಿ ಸೋವಿಯತ್ ಸೈನ್ಯ ಬಂದು ಖಾಸಗಿ ವ್ಯಾಪಾರವನ್ನು ಮುರಿಯಿತು. 1941ರ ಜೂನ್‌ನಲ್ಲಿ ಜರ್ಮನರು ಬಂದರು. ಆಗಸ್ಟ್ 25ರ ಬೆಳಗ್ಗೆ ಎಲ್ಲ ಯಹೂದಿಗಳೂ ಸಂತೆ ಮೈದಾನಕ್ಕೆ ಬರಬೇಕು ಅಂತ ಆಜ್ಞೆಯಾಯಿತು, ಅದೇ ಮೈದಾನಕ್ಕೆ. ಅಲ್ಲಿಂದ ಸಾಗಿಸಿ, ಆವತ್ತೂ ಮರುದಿನವೂ ಹತ್ತಿರದ ವೋಪುಹೋವೊ ಕಾಡಿನಲ್ಲಿ ಮೊದಲೇ ತೋಡಿಸಿಟ್ಟ ಗುಂಡಿಗಳ ಅಂಚಿನಲ್ಲಿ ಗುಂಡು ಹೊಡೆದು ಕೊಂದರು. ತಪ್ಪಿಸಿಕೊಂಡವರು ಕೆಲವೇ ಮಂದಿ. 419 ವರ್ಷದ ಯಹೂದಿ ಬದುಕು ಎರಡು ದಿನದಲ್ಲಿ ಮುಗಿಯಿತು. ಮನೆ, ಸಾಮಾನು ಬೇರೆಯವರ ಪಾಲಾದವು. ರೈಲು ಬರಲಿಲ್ಲ ಅನ್ನುವುದು ಒಂದು ಕಥೆ, ಇದು ಬೇರೆ ಕಥೆ. ಎರಡನ್ನೂ ಒಂದೇ ಪ್ಯಾರಾದಲ್ಲಿ ಕಾರಣ–ಪರಿಣಾಮದ ಹಾಗೆ ಹೊಲಿಯಬೇಡಿ.

ಇನ್ನು ಎಲ್ಲಿ ಹುಡುಕುವುದು? ನಿಮಗೆ ನಾಲ್ಕೈದು ದಾರಿ ಇವೆ, ಪ್ರತಿಯೊಂದರಲ್ಲೂ ಒಂದೊಂದು ಗುಂಡಿ.

ಬದುಕುಳಿದವರು, ಮೊದಲೇ ವಲಸೆ ಹೋದವರು ಸೇರಿ ತಂತಮ್ಮ ಊರಿನ ಬಗ್ಗೆ ನೆನಪಿನ ಪುಸ್ತಕ ತಂದಿದ್ದಾರೆ. ಟಿಕ್ಟಿನ್‌ನವರದು 1959ರಲ್ಲಿ ಟೆಲ್ ಅವೀವ್‌ನಲ್ಲಿ ಬಂತು. ಯಾವ ಬೀದಿಯಲ್ಲಿ ಯಾರ ಅಂಗಡಿ, ಯಾರಿಗೆ ಯಾವ ಅಡ್ಡಹೆಸರು, ಇಂಥದ್ದು ಬೇರೆಲ್ಲೂ ಸಿಗುವುದಿಲ್ಲ. ಗುಂಡಿ ಏನೆಂದರೆ ಅದು ಸತ್ತವರ ಬಗ್ಗೆ ಬರೆದದ್ದು. ಜಿಪುಣ, ಜಗಳಗಂಟ, ಮಾಂಸದ ತೆರಿಗೆ ಗುತ್ತಿಗೆ ಹಿಡಿದು ಬಡವರನ್ನು ಗೋಳು ಹೊಯ್ದುಕೊಂಡವನು, ಇವರೆಲ್ಲ ಅಲ್ಲಿ ಒಳ್ಳೆಯವರಾಗಿಬಿಟ್ಟಿರುತ್ತಾರೆ. ಅದು ಸಹಜ, ನಾವಾದರೂ ಹಾಗೇ ಬರೆಯುತ್ತಿದ್ದೆವು.

ಅದಕ್ಕೆ ಮದ್ದು ಕಹಲ್‌ನ ದಫ್ತರ. ಟಿಕ್ಟಿನ್ ಕಹಲ್‌ನ 1621ರಿಂದ 1806ರವರೆಗಿನ ದಫ್ತರ ಅಚ್ಚಾಗಿದೆ. ಮೂಲ ಪುಸ್ತಕ ಯುದ್ಧದಲ್ಲಿ ಹೋಯಿತು, ಯಾರೋ ಪುಣ್ಯಾತ್ಮರು ಮೊದಲೇ ನಕಲು ಇಳಿಸಿಟ್ಟಿದ್ದರಿಂದ ಉಳಿಯಿತು. ಜಗಳ, ದಂಡ, ತೆರಿಗೆ, ಸಾಲ, ಎಲ್ಲ ಅದರಲ್ಲಿದೆ. ಆದರೆ ಹೀಬ್ರೂ ಬೇಕು. ಮತ್ತೆ ಅದನ್ನು ಬರೆಸಿದವರು ಊರಿನ ಮುಖಂಡರು. ನೀರು ಹೊರುವವನ ಮಾತು ಅಲ್ಲಿ ಕೇಳಿಸುವುದಿಲ್ಲ, ಕೇಳಿಸಿದರೂ ಅವನಿಗೆ ದಂಡ ಹಾಕಿದಾಗ ಮಾತ್ರ.

ನೀವು ಪೋಲಿಷ್ ಸ್ವಲ್ಪ ಕಲಿತಿದ್ದರೆ 1929ರ ಪೋಲೆಂಡಿನ ವ್ಯಾಪಾರ ಡೈರೆಕ್ಟರಿಯಿಂದ ಶುರುಮಾಡಿ. ಅದು ಇಂಟರ್ನೆಟ್‌ನಲ್ಲೇ ಸಿಗುತ್ತದೆ. ಒಂದೊಂದು ಊರಿನಲ್ಲಿ ಯಾವ ಯಾವ ಅಂಗಡಿ, ಯಾರದು ಅಂತ ಪಟ್ಟಿ. ನಿಮ್ಮಂಥ ಅಂಗಡಿ ಮಗಳಿಗೆ ಹೇಳಿ ಮಾಡಿಸಿದ್ದು. ಹಾಗಂತ ಅದರಲ್ಲಿ ಹೆಸರಿಲ್ಲದವರು ಇರಲೇ ಇಲ್ಲ ಅಂದುಕೊಳ್ಳಬೇಡಿ. ಬುಟ್ಟಿ ಹೊತ್ತು ಮಾರುವವಳು ಯಾವ ಡೈರೆಕ್ಟರಿಗೆ ಬರುತ್ತಾಳೆ? ಜನಗಣತಿಯಲ್ಲೂ ಇದೇ ತೊಂದರೆ. ಒಬ್ಬನಿಗೆ ಒಂದು ಮುಖ್ಯ ಕಸುಬು ಅಂತ ಬರೆದುಕೊಂಡರು. ಬೆಳಿಗ್ಗೆ ದರ್ಜಿ, ಸಂತೆ ದಿನ ಟೋಪಿ ಮಾರುವವನು, ಬೇಸಿಗೆಯಲ್ಲಿ ಒಡೆಯನ ಹಣ್ಣಿನ ತೋಟ ಗುತ್ತಿಗೆ ಹಿಡಿಯುವವನು, ಇವನನ್ನು ಯಾವ ಕಾಲಮ್ಮಿಗೆ ಹಾಕುವುದು? ಅಂಗಡಿಯಲ್ಲಿ ಗಂಡನಿಗಿಂತ ಜಾಸ್ತಿ ಹೊತ್ತು ನಿಂತ ಹೆಂಡತಿ ಎಷ್ಟೋ ಸಲ ಅವಲಂಬಿತೆ.

ಫೋಟೋಗಳ ವಿಷಯ. 1935ರಿಂದ 1938ರ ನಡುವೆ ರೋಮನ್ ವಿಷ್ನ್ಯಾಕ್ ಅನ್ನುವ ಛಾಯಾಗ್ರಾಹಕ ತೆಗೆದ ಚಿತ್ರಗಳೇ ಜಾಸ್ತಿ ಓಡಾಡುತ್ತವೆ, ನಿಮ್ಮ ಗೆಳತಿ ತೋರಿಸಿದ್ದೂ ಅದೇ ಇರಬಹುದು. ಅದ್ಭುತ ಚಿತ್ರಗಳು. ಆದರೆ ಅವನ್ನು ತೆಗೆಸಿದ್ದು ಆಗಲೇ ಹೇಳಿದ ಜಾಯಿಂಟ್ ಸಂಸ್ಥೆ, ಅಮೆರಿಕದಲ್ಲಿ ಚಂದಾ ಎತ್ತುವುದಕ್ಕೆ. ಚಂದಾ ಎತ್ತುವ ಚಿತ್ರದಲ್ಲಿ ಹೊಸ ಸೈಕಲ್ ಇಟ್ಟುಕೊಂಡು ನಗುವ ಹುಡುಗ ಯಾಕೆ ಬರುತ್ತಾನೆ? ಬಡತನ ಸುಳ್ಳಲ್ಲ, ಆರಿಸಿದ್ದು ಮಾತ್ರ ಬರೀ ಅದನ್ನೇ. ಅದೇ ಊರುಗಳ ಮದುವೆ ಫೋಟೋ, ಶಾಲೆಯ ಗುಂಪು ಫೋಟೋ, ನಾಟಕ ಸಂಘದ ಫೋಟೋ ಹುಡುಕಿ ಪಕ್ಕದಲ್ಲಿಟ್ಟು ನೋಡಿ. ಲೇಖನಕ್ಕೆ ಒಂದೇ ಚಿತ್ರ ಹಾಕುವುದಾದರೆ ಇವುಗಳಲ್ಲಿ ಒಂದನ್ನು ಹಾಕಿ ಅನ್ನುವುದು ನನ್ನ ಸಲಹೆ.

ನೋಯಿಸುವ ಭಯ ಅಂದಿರಲ್ಲ. ಹೆಂಡದಂಗಡಿಯ ವಿಷಯ ಮುಚ್ಚಿಟ್ಟರೆ ಲೇಖನ ಮೆತ್ತಗಾಗುತ್ತದೆ, ನಿಜ ಆಗುವುದಿಲ್ಲ. ಬರೆಯಿರಿ, ಲಾಭದ ದೊಡ್ಡ ಪಾಲು ಯಾರ ಅರಮನೆಗೆ ಹೋಯಿತು ಅನ್ನುವುದನ್ನೂ ಅದೇ ಸಾಲಿನಲ್ಲಿ ಬರೆಯಿರಿ. 'ಯಹೂದಿಗಳು ಹೀಗೆ' ಅಂತ ಶುರುವಾಗುವ ವಾಕ್ಯ ಬಂದ ಕಡೆ ನಿಲ್ಲಿಸಿ, ಯಾವ ಇಸವಿ, ಯಾವ ಕಸುಬಿನವರು ಅಂತ ಕೇಳಿಕೊಳ್ಳಿ. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

ಬರೆಯುವ ಮೊದಲು ಇನ್ನೊಂದು ಸಲ ಟಿಕೊಚಿನ್‌ಗೆ ಹೋಗಿ ಬನ್ನಿ. ಪೂರ್ವದ ಚರ್ಚ್‌ನಿಂದ ಹೊರಟು, ಸಂತೆ ಮೈದಾನ ದಾಟಿ, ಪಶ್ಚಿಮದ ಸಿನಗಾಗ್‌ವರೆಗೆ ನಡೆಯಿರಿ. ಆ ಕಡೆಯ ಯಹೂದಿ ಕೇರಿಗೆ ಕಚೊರೊವೊ ಅಂತ ಹೆಸರಿತ್ತು. ಸಿನಗಾಗ್ ಒಳಗೆ ಗೋಡೆಯ ತುಂಬ ಬರೆದ ಪ್ರಾರ್ಥನೆಗಳನ್ನು ಹೋದ ಸಲ ನೋಡಿರುತ್ತೀರಿ, ಈ ಸಲ ನಡುವಿನ ನಾಲ್ಕು ಕಂಬಗಳ ಹತ್ತಿರ ನಿಂತು ನೋಡಿ. ಪುಸ್ತಕ ಕೊಳ್ಳಲು ಆಗದವನೂ ತಲೆಯೆತ್ತಿ ಓದಬಹುದಿತ್ತು. ಸಮಯ ಇದ್ದರೆ ವೋಪುಹೋವೊ ಕಾಡಿಗೂ ಹೋಗಿ. ಕರಡು ಆದ ಮೇಲೆ ಕಳಿಸಿಕೊಡಿ, ಇಸವಿಗಳನ್ನು ನಾನು ನೋಡಿಕೊಡುತ್ತೇನೆ. ಅಂಗಡಿ ಲೆಕ್ಕದ ಭಾಗವನ್ನು ಮಾತ್ರ ನಿಮ್ಮ ತಂದೆಯವರಿಗೆ ಓದಿ ಹೇಳಿ.